ನಾಣ್ಯಗಳ ಟೋನಿಂಗ್

ನಾಣ್ಯಗಳ ಟೋನಿಂಗ್ ಎಂದರೆ ಲೋಹದ ನಾಣ್ಯವೊಂದರ ಮೇಲ್ಮೈ, ಗಾಳಿಯಲ್ಲಿರುವ ಅಥವಾ ಅದನ್ನು ಇರಿಸಿದ ಚೀಲ, ಕಾಗದ, ಮರ ಮುಂತಾದ ವಸ್ತುಗಳಲ್ಲಿರುವ ರಾಸಾಯನಿಕಗಳೊಡನೆ ನಿಧಾನವಾಗಿ ವರ್ತಿಸಿ ಬಣ್ಣ ಪಡೆಯುವ ಪ್ರಕ್ರಿಯೆ. ಹೀಗೆ ಮೂಡಿದ ಬಣ್ಣವನ್ನೂ ಟೋನಿಂಗ್ ಎಂದೇ ಕರೆಯುತ್ತಾರೆ. ಬೆಳ್ಳಿಯ ನಾಣ್ಯಗಳಲ್ಲಿ ಇದು ತೆಳುವಾದ ಹೊಂಬಣ್ಣದಿಂದ ಮೊದಲಾಗಿ ಕೆನ್ನೇರಳೆ, ನೀಲಿ, ಹಸಿರುಗಳ ಮೂಲಕ ಸಾಗಿ ಕೊನೆಗೆ ಕಪ್ಪಿನಲ್ಲಿ ಮುಗಿಯುತ್ತದೆ. ತಾಮ್ರದ ನಾಣ್ಯಗಳಲ್ಲಿ ಕೆಂಪು ಬಣ್ಣವು ಕಂದಾಗುತ್ತದೆ. ನಾಣ್ಯಸಂಗ್ರಾಹಕರ ದೃಷ್ಟಿಯಲ್ಲಿ ಟೋನಿಂಗ್ ಒಂದು ವಿಚಿತ್ರ ಸ್ಥಾನ ಪಡೆದಿದೆ: ರಾಸಾಯನಿಕವಾಗಿ ಅದು ಲೋಹದ ಸವೆತವೇ ಆಗಿದ್ದರೂ, ಕೆಲವು ನಾಣ್ಯಗಳ ಬೆಲೆಯನ್ನು ಅದು ಹಲವು ಪಟ್ಟು ಹೆಚ್ಚಿಸುತ್ತದೆ, ಇನ್ನು ಕೆಲವನ್ನು ಮಾರಲಾಗದಂತೆ ಮಾಡುತ್ತದೆ. ಈ ಎರಡು ಬಗೆಯ ಪರಿಣಾಮಗಳ ನಡುವಿನ ಗೆರೆಯನ್ನು ಎಳೆಯುವುದು ಆಧುನಿಕ ನಾಣ್ಯ ಶ್ರೇಣೀಕರಣದ ಅತ್ಯಂತ ವಿವಾದಿತ ಕೆಲಸಗಳಲ್ಲಿ ಒಂದು.

ರಾಸಾಯನಿಕ ಹಿನ್ನೆಲೆ

ಬೆಳ್ಳಿಯು ಸಾಮಾನ್ಯ ಉಷ್ಣತೆಯಲ್ಲಿ ಆಮ್ಲಜನಕದೊಡನೆ ಸುಲಭವಾಗಿ ವರ್ತಿಸುವುದಿಲ್ಲ. ಆದರೆ ಗಂಧಕದ ಸಂಯುಕ್ತಗಳು, ಅದರಲ್ಲಿಯೂ ಹೈಡ್ರೋಜನ್ ಸಲ್ಫೈಡ್ ಅನಿಲ, ಅತ್ಯಲ್ಪ ಪ್ರಮಾಣದಲ್ಲಿದ್ದರೂ ಬೆಳ್ಳಿಯ ಮೇಲೆ ಬೆಳ್ಳಿ ಸಲ್ಫೈಡಿನ ಪದರವನ್ನು ಉಂಟುಮಾಡುತ್ತವೆ. ಮನೆಯ ಬೆಳ್ಳಿಯ ದೀಪ, ಲೋಟಗಳು ಕಪ್ಪಾಗುವುದಕ್ಕೂ ಇದೇ ಕಾರಣ. ಗಾಳಿಯ ತೇವಾಂಶ ಮತ್ತು ಶಾಖ ಈ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ನಾಣ್ಯಗಳನ್ನು ಶುದ್ಧ ಬೆಳ್ಳಿಯಿಂದ ಮಾಡುವುದು ವಿರಳ. ಬೆಳ್ಳಿಗೆ ಗಡಸುತನ ಬರಲೆಂದು ಸೇರಿಸುವ ತಾಮ್ರವೂ ಗಂಧಕ ಹಾಗೂ ಆಮ್ಲಜನಕದೊಡನೆ ವರ್ತಿಸುವುದರಿಂದ, ಮಿಶ್ರಲೋಹದಲ್ಲಿ ತಾಮ್ರ ಹೆಚ್ಚಿದಂತೆ ಬಣ್ಣದ ಸ್ವರೂಪವೂ ಬದಲಾಗುತ್ತದೆ.

ಬೆಳ್ಳಿ ಸಲ್ಫೈಡ್ ತನ್ನ ಸಹಜ ರೂಪದಲ್ಲಿ ಕಪ್ಪು ಬಣ್ಣದ ವಸ್ತು. ಹಾಗಿದ್ದರೂ ಟೋನ್ ಆದ ನಾಣ್ಯದಲ್ಲಿ ಕಾಣುವ ಕಾಮನಬಿಲ್ಲಿನ ಬಣ್ಣಗಳು ಯಾವುದೇ ವರ್ಣದ್ರವ್ಯದಿಂದ ಬಂದವಲ್ಲ. ನೀರಿನ ಮೇಲೆ ಹರಡಿದ ಎಣ್ಣೆಯಲ್ಲಿ ಅಥವಾ ಸಾಬೂನಿನ ಗುಳ್ಳೆಯಲ್ಲಿ ಕಾಣುವಂತೆ, ಇವು ತೆಳುಪದರದ ವ್ಯತಿಕರಣದಿಂದ ಹುಟ್ಟುತ್ತವೆ. ಬೆಳಕಿನ ಒಂದು ಭಾಗ ಸಲ್ಫೈಡ್ ಪದರದ ಮೇಲ್ಭಾಗದಿಂದ ಪ್ರತಿಫಲಿಸಿದರೆ, ಇನ್ನೊಂದು ಭಾಗ ಪದರವನ್ನು ಹಾದು ಕೆಳಗಿನ ಲೋಹದಿಂದ ಪ್ರತಿಫಲಿಸಿ ಹೊರಬರುತ್ತದೆ. ಈ ಎರಡು ಅಲೆಗಳು ಕೂಡುವಾಗ ಪದರದ ದಪ್ಪಕ್ಕೆ ಅನುಗುಣವಾಗಿ ಕೆಲವು ತರಂಗಾಂತರಗಳು ಕ್ಷೀಣಿಸುತ್ತವೆ, ಉಳಿದವು ಕಣ್ಣಿಗೆ ಕಾಣುತ್ತವೆ. ಪದರ ಅತಿ ತೆಳುವಾಗಿದ್ದಾಗ ಮೊದಲು ಕ್ಷೀಣಿಸುವುದು ಕಡಿಮೆ ತರಂಗಾಂತರದ ನೀಲಿ. ಆದ್ದರಿಂದ ನಾಣ್ಯ ಹಳದಿಯಾಗಿ ತೋರುತ್ತದೆ. ಪದರ ದಪ್ಪವಾಗುತ್ತಾ ಹೋದಂತೆ ಹಸಿರು ಕ್ಷೀಣಿಸಿ ಕೆನ್ನೇರಳೆಯೂ, ಬಳಿಕ ಹಳದಿ ಕೆಂಪುಗಳು ಕ್ಷೀಣಿಸಿ ನೀಲಿಯೂ ಕಾಣಿಸಿಕೊಳ್ಳುತ್ತವೆ. ಮುಂದೆ ಇದೇ ಕ್ರಮ ಎರಡನೆಯ ಸುತ್ತಿನಲ್ಲಿ ಮರುಕಳಿಸುತ್ತದೆ. ಹಸಿರು ಬಣ್ಣ ಸಾಮಾನ್ಯವಾಗಿ ಈ ಎರಡನೆಯ ಸುತ್ತಿನಲ್ಲಿ ದೊರೆಯುವಂಥದು. ಪದರ ಇನ್ನೂ ದಪ್ಪವಾದರೆ ಬೆಳಕು ಅದನ್ನು ಹಾದುಹೋಗಲಾರದೆ ನಾಣ್ಯ ಬೂದು ಮತ್ತು ಕಪ್ಪು ಬಣ್ಣಕ್ಕೆ ತಿರುಗುತ್ತದೆ.

ಈ ಕ್ರಮವು ಕೇವಲ ಭೌತಶಾಸ್ತ್ರದ ಕುತೂಹಲವಲ್ಲ. ನಾಣ್ಯದ ಮೇಲೆ ಬಣ್ಣಗಳು ಯಾವ ಅನುಕ್ರಮದಲ್ಲಿ ಒಂದಕ್ಕೊಂದು ಸೇರಿಕೊಂಡಿವೆ ಎಂಬುದನ್ನು ನೋಡಿ, ಅವು ವರ್ಷಗಳಲ್ಲಿ ತಾವಾಗಿ ಮೂಡಿದವೋ ಅಥವಾ ಒಂದು ಸಂಜೆಯಲ್ಲಿ ಯಾರೋ ಮೂಡಿಸಿದವೋ ಎಂದು ಊಹಿಸಲು ಪರೀಕ್ಷಕರು ಇದನ್ನೇ ಆಧಾರವಾಗಿಟ್ಟುಕೊಳ್ಳುತ್ತಾರೆ.

ಚಿನ್ನವು ರಾಸಾಯನಿಕವಾಗಿ ಜಡವಾದ ಲೋಹ. ಆದರೂ ಅಮೆರಿಕದ ಹಳೆಯ ಚಿನ್ನದ ನಾಣ್ಯಗಳಲ್ಲಿ ಶೇ. 10ರಷ್ಟು, ಬ್ರಿಟನ್ನಿನ ಸಾವರಿನ್ ನಾಣ್ಯದಲ್ಲಿ ಹನ್ನೆರಡನೆಯ ಒಂದು ಭಾಗದಷ್ಟು ಇತರ ಲೋಹವಿರುವುದರಿಂದ ಅವು ಕೆಂಪು ಛಾಯೆ ತಾಳುವುದುಂಟು. ತಾಮ್ರ ಸರಿಯಾಗಿ ಬೆರೆಯದ ಕಡೆಗಳಲ್ಲಿ ಕಂದು ಚುಕ್ಕೆಗಳೂ ಕಾಣಬಹುದು. ನಿಕ್ಕಲ್ ಮಿಶ್ರಲೋಹದ ನಾಣ್ಯಗಳು ಮೆಲುನೀಲಿ ಅಥವಾ ತಿಳಿಹೊನ್ನಿನ ಬಣ್ಣಕ್ಕೆ ತಿರುಗುತ್ತವೆ. ಇವು ಬೆಳ್ಳಿಯಷ್ಟು ಆಕರ್ಷಕವಾಗುವುದು ಕಡಿಮೆ.

ಇರಿಸಿದ ಸ್ಥಳದ ಗುರುತು

ನಾಣ್ಯವನ್ನು ಎಲ್ಲಿ, ಯಾವುದರಲ್ಲಿ ಇರಿಸಲಾಗಿತ್ತು ಎಂಬುದು ಅದರ ಬಣ್ಣದ ವಿನ್ಯಾಸದಲ್ಲಿ ದಾಖಲಾಗಿರುತ್ತದೆ. ಯೂರೋಪಿನ ಹಳೆಯ ಸಂಗ್ರಾಹಕರು ನಾಣ್ಯಗಳನ್ನು ಮರದ ಕಪಾಟುಗಳ ತಟ್ಟೆಗಳಲ್ಲಿ ಜೋಡಿಸಿಡುತ್ತಿದ್ದರು. ಅಲ್ಲಿ ದಶಕಗಳ ಕಾಲ ಮಲಗಿದ ಬೆಳ್ಳಿಯ ನಾಣ್ಯಗಳು ಪಡೆಯುವ ಸಮನಾದ ಬೂದು ನೀಲಿ ಛಾಯೆಗೆ ಕಪಾಟಿನ ಟೋನಿಂಗ್ ಎಂದು ಹೆಸರು. ಈ ಕಪಾಟುಗಳಿಗೆ ಮಹಾಗನಿ ಮರವನ್ನು ಆರಿಸುತ್ತಿದ್ದುದಕ್ಕೆ ಕಾರಣವಿದೆ: ಓಕ್ ಮರವು ಹೊರಬಿಡುವ ಸಾವಯವ ಆಮ್ಲಗಳು ಲೋಹಗಳಿಗೆ, ವಿಶೇಷವಾಗಿ ಸೀಸಕ್ಕೆ, ಹಾನಿಕರ.

ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಪ್ರಚಾರಕ್ಕೆ ಬಂದ ರಟ್ಟಿನ ಆಲ್ಬಮ್‌ಗಳಲ್ಲಿ ನಾಣ್ಯದ ಅಂಚು ರಟ್ಟಿಗೆ ತಗುಲಿಕೊಂಡಿರುತ್ತಿತ್ತು. ರಟ್ಟಿನಲ್ಲಿರುವ ಗಂಧಕ ಅಂಚಿನಿಂದ ಒಳಮುಖವಾಗಿ ಕೆಲಸ ಮಾಡಿದ್ದರಿಂದ ಇಂಥ ನಾಣ್ಯಗಳಲ್ಲಿ ಹೊರಗೆ ನೀಲಿ, ಅದರೊಳಗೆ ಕೆನ್ನೇರಳೆ, ನಡುವಿನಲ್ಲಿ ಹೊಂಬಣ್ಣ ಅಥವಾ ಬಿಳಿ ಹೀಗೆ ವೃತ್ತದೊಳಗೆ ವೃತ್ತ ಮೂಡುತ್ತದೆ. ಬಿಲ್ಲುಗಾರರ ಗುರಿಹಲಗೆಯನ್ನು ನೆನಪಿಸುವ ಈ ವಿನ್ಯಾಸವನ್ನು ಸಂಗ್ರಾಹಕರು ಬಹುವಾಗಿ ಮೆಚ್ಚುತ್ತಾರೆ. ವೇಟ್ ರೇಮಂಡ್ ಪ್ರಕಟಿಸಿದ ಆಲ್ಬಮ್‌ಗಳು ಈ ಬಗೆಯ ಬಣ್ಣಕ್ಕೆ ಹೆಸರಾಗಿವೆ. ಅಮೆರಿಕದ ಟಂಕಸಾಲೆಯೇ 1947ರಿಂದ 1958ರವರೆಗೆ ಮಾರಿದ ವಾರ್ಷಿಕ ನಾಣ್ಯಜೋಡಣೆಗಳು ರಟ್ಟಿನ ಹಲಗೆಗಳಲ್ಲಿ ಬರುತ್ತಿದ್ದವು. ಅಗ್ಗದ ಪೊಟ್ಟಣವೆಂದು ಬಳಸಿದ ಆ ರಟ್ಟು ಅಷ್ಟೇನೂ ಅಪರೂಪವಲ್ಲದ ನಾಣ್ಯಗಳಿಗೆ ಅಪರೂಪದ ಬಣ್ಣಗಳನ್ನು ಕೊಟ್ಟಿತು. ತೆಳುಕಾಗದದಲ್ಲಿ ಸುತ್ತಿಟ್ಟ ಹತ್ತೊಂಬತ್ತನೆಯ ಶತಮಾನದ ಪ್ರೂಫ್ ನಾಣ್ಯಗಳು ಗಾಢ ನೀಲಿ ನೇರಳೆ ಬಣ್ಣ ತಾಳಿರುವುದೂ ಹೀಗೆಯೇ. ಕಾಗದದ ಸುರುಳಿಯಲ್ಲಿ ಕಟ್ಟಿಟ್ಟ ನಾಣ್ಯಗಳಲ್ಲಿ ತುದಿಯ ಎರಡು ನಾಣ್ಯಗಳ ಹೊರಮುಖ ಮಾತ್ರ ಬಣ್ಣ ಪಡೆದು, ನಡುವಿನವು ಹೊಸದರಂತೆಯೇ ಉಳಿಯುತ್ತವೆ.

ಮೋರ್ಗನ್ ಡಾಲರ್

ಟೋನಿಂಗ್ ಕುರಿತ ಚರ್ಚೆಯಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ನಾಣ್ಯ ಅಮೆರಿಕದ ಮೋರ್ಗನ್ ಡಾಲರ್. ಜಾರ್ಜ್ ಟಿ. ಮೋರ್ಗನ್ ವಿನ್ಯಾಸಗೊಳಿಸಿದ ಈ ನಾಣ್ಯವನ್ನು 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಅಚ್ಚೊತ್ತಲಾಯಿತು. ಶೇ. 90 ಬೆಳ್ಳಿ ಮತ್ತು ಶೇ. 10 ತಾಮ್ರದ ಈ ನಾಣ್ಯದ ತೂಕ 26.73 ಗ್ರಾಂ, ವ್ಯಾಸ 38.1 ಮಿಲಿಮೀಟರ್. ಬಣ್ಣ ಹರಡಿಕೊಳ್ಳಲು ಇದಕ್ಕಿಂತ ವಿಶಾಲವಾದ ಬಯಲು ಆ ಕಾಲದ ಬೇರಾವ ಅಮೆರಿಕನ್ ಬೆಳ್ಳಿ ನಾಣ್ಯದಲ್ಲಿಯೂ ಸುಲಭಕ್ಕೆ ಸಿಗುವುದಿಲ್ಲ.

1878ರ ಬ್ಲಾಂಡ್–ಆಲಿಸನ್ ಕಾಯಿದೆಯಂತೆ ಅಮೆರಿಕದ ಖಜಾನೆ ಪ್ರತಿ ತಿಂಗಳೂ 20ರಿಂದ 40 ಲಕ್ಷ ಡಾಲರ್ ಮೌಲ್ಯದ ಬೆಳ್ಳಿಯನ್ನು ಕೊಂಡು ನಾಣ್ಯವಾಗಿಸಬೇಕಾಗಿತ್ತು. ಜನರಿಗೆ ಅಷ್ಟು ಭಾರವಾದ ನಾಣ್ಯಗಳು ಬೇಕಿರಲಿಲ್ಲ. ಹೀಗಾಗಿ ಕೋಟಿಗಟ್ಟಲೆ ಡಾಲರುಗಳು ಟಂಕಸಾಲೆಯಿಂದ ನೇರವಾಗಿ ಖಜಾನೆಯ ನೆಲಮಾಳಿಗೆಗಳನ್ನು ಸೇರಿದವು. ಒಂದೊಂದು ಚೀಲಕ್ಕೆ 1,000 ನಾಣ್ಯಗಳಂತೆ ತುಂಬಿದ ಬಟ್ಟೆಯ ಚೀಲಗಳಲ್ಲಿ ಅವು ಹಲವು ದಶಕಗಳನ್ನು ಕಳೆದವು. 1918ರ ಪಿಟ್‌ಮನ್ ಕಾಯಿದೆಯಡಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಲಾಯಿತು. ಉಳಿದ ಚೀಲಗಳಲ್ಲಿ ಬಹುಪಾಲು 1960ರ ದಶಕದ ಆರಂಭದಲ್ಲಿ ಹೊರಬಂದವು. 1964ರ ಮಾರ್ಚಿನಲ್ಲಿ ಖಜಾನೆಯು ಬೆಳ್ಳಿ ಪ್ರಮಾಣಪತ್ರಗಳಿಗೆ ಪ್ರತಿಯಾಗಿ ಡಾಲರ್ ನಾಣ್ಯ ಕೊಡುವುದನ್ನು ನಿಲ್ಲಿಸಿದಾಗ ಉಳಿದಿದ್ದವು ಸುಮಾರು 30 ಲಕ್ಷ ನಾಣ್ಯಗಳು. ಬಹುತೇಕ ಕಾರ್ಸನ್ ಸಿಟಿ ಟಂಕಸಾಲೆಯವಾದ ಅವನ್ನು 1972ರಿಂದ 1980ರ ನಡುವೆ ಸರ್ಕಾರವೇ ಮಾರಿತು.

ಚೀಲದೊಳಗೆ ಎಲ್ಲ ನಾಣ್ಯಗಳ ಸ್ಥಿತಿಯೂ ಒಂದೇ ಆಗಿರಲಿಲ್ಲ. ನಡುವಿನಲ್ಲಿದ್ದವು ಒಂದಕ್ಕೊಂದು ಒತ್ತಿಕೊಂಡು ಗಾಳಿಯ ಸೋಂಕಿಲ್ಲದೆ ಬಿಳಿಯಾಗಿಯೇ ಉಳಿದವು. ಬಟ್ಟೆಗೆ ತಾಗಿಕೊಂಡಿದ್ದ ಕೆಲವು ನಾಣ್ಯಗಳ ಒಂದು ಮುಖ ಮಾತ್ರ ಬಟ್ಟೆಯಲ್ಲಿದ್ದ ರಾಸಾಯನಿಕಗಳಿಂದ ಬಣ್ಣ ಪಡೆಯಿತು. ಆ ಮುಖದ ಮೇಲೆ ಇನ್ನೊಂದು ನಾಣ್ಯ ಅರ್ಧ ಮುಚ್ಚಿಕೊಂಡಿದ್ದರೆ, ಮುಚ್ಚಿದ ಭಾಗ ಬಿಳಿಯಾಗಿ ಉಳಿದು, ತೆರೆದ ಭಾಗ ಬಿದಿಗೆಯ ಚಂದ್ರನ ಆಕಾರದಲ್ಲಿ ಬಣ್ಣ ತಾಳಿತು. ಕೆಲವು ನಾಣ್ಯಗಳಲ್ಲಿ ಚೀಲದ ಬಟ್ಟೆಯ ನೇಯ್ಗೆಯ ಎಳೆಗಳೇ ಬಣ್ಣದಲ್ಲಿ ಅಚ್ಚಾಗಿವೆ. ಇಂಥ ನೇಯ್ಗೆಯ ಗುರುತನ್ನು ನಕಲು ಮಾಡುವುದು ಕಷ್ಟವೆಂಬ ಕಾರಣಕ್ಕೆ ಖರೀದಿದಾರರು ಅದಕ್ಕೆ ಹೆಚ್ಚಿನ ಬೆಲೆ ಕೊಡುತ್ತಾರೆ.

ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ 1881ರ ಡಾಲರ್ ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷ ಅಲ್ಲಿ 1,27,60,000 ನಾಣ್ಯಗಳನ್ನು ಅಚ್ಚೊತ್ತಲಾಯಿತು; ಅವುಗಳಲ್ಲಿ ಹೊಸದರಂತೆ ಉಳಿದವೂ ಬಹಳ. ವಿರಳತೆಯ ದೃಷ್ಟಿಯಿಂದ ಅದಕ್ಕೆ ಯಾವ ವಿಶೇಷವೂ ಇಲ್ಲ. ಆದರೆ ಆ ಟಂಕಸಾಲೆಯ ಅಚ್ಚು ಸ್ಫುಟವಾಗಿಯೂ ಲೋಹದ ಕಾಂತಿ ತೀಕ್ಷ್ಣವಾಗಿಯೂ ಇರುವುದರಿಂದ, ಅದರ ಮೇಲೆ ಮೂಡಿದ ಬಣ್ಣ ದೀಪ ಹಚ್ಚಿದಂತೆ ಬೆಳಗುತ್ತದೆ. ಹೀಗೆ ಅತಿ ಸಾಮಾನ್ಯವಾದ ವರ್ಷದ ನಾಣ್ಯವೊಂದು, ಅದೇ ಶ್ರೇಣಿಯ ಬಿಳಿ ನಾಣ್ಯದ ಹಲವು ಪಟ್ಟು ಬೆಲೆಗೆ ಮಾರಾಟವಾಗುವುದು ಹೊಸತೇನಲ್ಲ.

ಶ್ರೇಣೀಕರಣದಲ್ಲಿ ಟೋನಿಂಗ್

ನಾಣ್ಯಗಳ ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕಗಳಲ್ಲಿ ಅಳೆಯುವ ಪದ್ಧತಿಯನ್ನು ವಿಲಿಯಂ ಹರ್ಬರ್ಟ್ ಶೆಲ್ಡನ್ 1949ರಲ್ಲಿ ಅಮೆರಿಕದ ಆರಂಭಕಾಲದ ತಾಮ್ರದ ಸೆಂಟ್‌ಗಳಿಗಾಗಿ ರೂಪಿಸಿದನು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ 1970ರ ದಶಕದಲ್ಲಿ ಇದನ್ನು ಎಲ್ಲ ನಾಣ್ಯಗಳಿಗೂ ಅಳವಡಿಸಿತು. 60ರಿಂದ 70ರವರೆಗಿನ ಅಂಕಗಳು ಚಲಾವಣೆಯ ಸವೆತ ಕಾಣದ ನಾಣ್ಯಗಳಿಗೆ ಮೀಸಲು. 1980ರ ದಶಕದ ನಡುವಿನಲ್ಲಿ ಆರಂಭವಾದ ಪಿಸಿಜಿಎಸ್ ಮತ್ತು ಎನ್‌ಜಿಸಿ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ಅಂಕ ನೀಡಿ, ಮುದ್ರೆಯೊತ್ತಿದ ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿ ಭದ್ರಪಡಿಸುತ್ತವೆ.

ಅಂಕವನ್ನು ನಿರ್ಧರಿಸುವಾಗ ಮೇಲ್ಮೈಯ ಗೀರು ಮತ್ತು ಪೆಟ್ಟುಗಳು, ಅಚ್ಚಿನ ಸ್ಫುಟತೆ, ಲೋಹದ ಕಾಂತಿ ಹಾಗೂ ಒಟ್ಟು ನೋಟದ ಆಕರ್ಷಣೆ ಎಂಬ ನಾಲ್ಕು ಅಂಶಗಳನ್ನು ಗಮನಿಸಲಾಗುತ್ತದೆ. ಟೋನಿಂಗಿಗೆ ಪ್ರತ್ಯೇಕ ಅಂಕವಿಲ್ಲ. ಆದರೆ ಅದು ಕೊನೆಯ ಎರಡು ಅಂಶಗಳೊಳಗೆ ನುಸುಳಿ ಕೆಲಸ ಮಾಡುತ್ತದೆ. ಟಂಕಸಾಲೆಯ ಒತ್ತಡಕ್ಕೆ ಲೋಹ ಹರಿದಾಗ ಮೇಲ್ಮೈಯಲ್ಲಿ ಕೇಂದ್ರದಿಂದ ಅಂಚಿನತ್ತ ಅತಿಸೂಕ್ಷ್ಮ ಗೆರೆಗಳು ಉಂಟಾಗುತ್ತವೆ. ನಾಣ್ಯವನ್ನು ಬೆಳಕಿನಡಿ ತಿರುಗಿಸಿದಾಗ ಬಂಡಿಯ ಚಕ್ರದ ಅರಗಳಂತೆ ಸುತ್ತುವ ಕಾಂತಿ ಈ ಗೆರೆಗಳದು. ತೆಳುವಾದ ಟೋನಿಂಗಿನ ಮೂಲಕ ಈ ಕಾಂತಿ ಹೊರಹೊಮ್ಮಿದರೆ ಬಣ್ಣ ನಾಣ್ಯಕ್ಕೆ ನೆರವಾಗುತ್ತದೆ. ದಪ್ಪವಾದ, ಮಸುಕಾದ ಪದರ ಕಾಂತಿಯನ್ನು ಮುಚ್ಚಿದರೆ ಅಂಕ ಇಳಿಯುತ್ತದೆ. ಪದರವು ಲೋಹವನ್ನೇ ತಿಂದು ಸಣ್ಣ ಕುಳಿಗಳನ್ನು ಮಾಡಿದ್ದರೆ ಅದನ್ನು ಟೋನಿಂಗ್ ಎನ್ನದೆ ಪರಿಸರಹಾನಿ ಎಂದೇ ಗುರುತಿಸಲಾಗುತ್ತದೆ.

ಒಂದೇ ಬಗೆಯ ಗೀರುಗಳಿರುವ ಎರಡು ನಾಣ್ಯಗಳಲ್ಲಿ ಸುಂದರವಾಗಿ ಟೋನ್ ಆದುದು ಒಂದು ಅಂಕ ಹೆಚ್ಚು ಪಡೆಯುವುದು ಅಪರೂಪವಲ್ಲ. ಇದಕ್ಕೆ ಎರಡು ಕಾರಣಗಳಿವೆ. ಬಣ್ಣ ನೋಟವನ್ನು ಹೆಚ್ಚಿಸುತ್ತದೆ ಎಂಬುದು ಒಂದು. ಬಣ್ಣ ಸಣ್ಣ ಗೀರುಗಳನ್ನು ಮರೆಮಾಡುತ್ತದೆ ಎಂಬುದು ಇನ್ನೊಂದು, ಮತ್ತು ಇದು ಅಷ್ಟು ಹಿತಕರವಾದ ಕಾರಣವಲ್ಲ. ಹಿಂದೆ ಉಜ್ಜಿ ತೊಳೆದಿದ್ದ ನಾಣ್ಯವೊಂದು ಆಮೇಲೆ ಮತ್ತೆ ಬಣ್ಣ ಪಡೆದಾಗ, ಉಜ್ಜಿದ ಕೂದಲೆಳೆ ಗೀರುಗಳು ಆ ಬಣ್ಣದಡಿ ಅಡಗಿರುತ್ತವೆ. ನಾಣ್ಯವನ್ನು ಹಲವು ಕೋನಗಳಲ್ಲಿ ಓರೆಯಾಗಿಸಿ ನೋಡದ ಹೊರತು ಅವು ಕಾಣುವುದಿಲ್ಲ.

ಅಸಾಧಾರಣ ನೋಟದ ನಾಣ್ಯಗಳಿಗೆ ಎನ್‌ಜಿಸಿ ಅಂಕದ ಪಕ್ಕದಲ್ಲಿ ನಕ್ಷತ್ರದ ಚಿಹ್ನೆಯನ್ನು ಸೇರಿಸುತ್ತದೆ. 2010ರಿಂದ ಎರಡೂ ಸಂಸ್ಥೆಗಳು ಒಂದು ಶ್ರೇಣಿಯ ಮೇಲ್ತುದಿಯಲ್ಲಿರುವ ನಾಣ್ಯಗಳಿಗೆ ಕೂಡಿಕೆಯ ಚಿಹ್ನೆಯನ್ನು ನೀಡುತ್ತಿವೆ. ಪ್ರಾಚೀನ ನಾಣ್ಯಗಳ ವಿಷಯದಲ್ಲಿ ಎನ್‌ಜಿಸಿ ಅನುಸರಿಸುವ ಕ್ರಮ ಬೇರೆ: ಅಲ್ಲಿ ಸವೆತದ ಶ್ರೇಣಿಯ ಜೊತೆಗೆ ಅಚ್ಚು ಮತ್ತು ಮೇಲ್ಮೈಗಳಿಗೆ 5ರಲ್ಲಿ ಇಷ್ಟು ಎಂದು ಪ್ರತ್ಯೇಕ ಅಂಕಗಳಿರುತ್ತವೆ. ನೂರಾರು ವರ್ಷ ಮಣ್ಣಿನಲ್ಲಿದ್ದ ನಾಣ್ಯದಿಂದ ಟಂಕಸಾಲೆಯ ಹೊಳಪನ್ನು ಯಾರೂ ನಿರೀಕ್ಷಿಸುವುದಿಲ್ಲ. ಸಮನಾದ, ಗಟ್ಟಿಯಾದ ಪದರವೇ ಅಲ್ಲಿ ಗುಣವೆನಿಸುತ್ತದೆ.

ತಾಮ್ರದ ನಾಣ್ಯಗಳು

ತಾಮ್ರದ ವಿಷಯದಲ್ಲಿ ಬಣ್ಣವನ್ನು ಶ್ರೇಣಿಯ ಭಾಗವಾಗಿಯೇ ಬರೆಯುವ ರೂಢಿಯಿದೆ. ಟಂಕಸಾಲೆಯ ಮೂಲ ಕೆಂಪು ಶೇ. 95ರಷ್ಟಾದರೂ ಉಳಿದಿದ್ದರೆ ಕೆಂಪು, ಶೇ. 5ಕ್ಕಿಂತ ಕಡಿಮೆಯಿದ್ದರೆ ಕಂದು, ಇವೆರಡರ ನಡುವೆ ಇದ್ದರೆ ಕೆಂಗಂದು ಎಂದು ಪಿಸಿಜಿಎಸ್ ವಿಂಗಡಿಸುತ್ತದೆ. ಬೆಳ್ಳಿಯಲ್ಲಿ ಟೋನಿಂಗ್ ಬೆಲೆಯನ್ನು ಏರಿಸಬಹುದಾದರೆ, ತಾಮ್ರದಲ್ಲಿ ಸಾಮಾನ್ಯ ನಿಯಮ ಇದಕ್ಕೆ ವಿರುದ್ಧ: ಕೆಂಪು ಕಳೆದಂತೆಲ್ಲ ಬೆಲೆ ಇಳಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೇವಲ 4,84,000ದಷ್ಟು ಅಚ್ಚಾದ, ವಿನ್ಯಾಸಕಾರ ವಿಕ್ಟರ್ ಡೇವಿಡ್ ಬ್ರೆನ್ನರ್‌ನ ಹೆಸರಿನ ಮೊದಲಕ್ಷರಗಳನ್ನು ಹೊತ್ತ 1909ರ ಲಿಂಕನ್ ಸೆಂಟ್‌ನಲ್ಲಿ, ಒಂದೇ ಅಂಕದ ಕಂದು ಮತ್ತು ಕೆಂಪು ನಾಣ್ಯಗಳ ನಡುವಿನ ಅಂತರ ಎದ್ದುಕಾಣುವಷ್ಟು ದೊಡ್ಡದು.

ತಾಮ್ರದ ಕೆಂಪು ಅಸ್ಥಿರವಾದುದು. ಪ್ಲಾಸ್ಟಿಕ್ ಕವಚ ಗಾಳಿಯನ್ನು ಸಂಪೂರ್ಣವಾಗಿ ತಡೆಯುವುದಿಲ್ಲವಾದ್ದರಿಂದ, ಕೆಂಪು ಎಂದು ಬರೆದ ಚೀಟಿಯಡಿಯಲ್ಲಿಯೇ ನಾಣ್ಯ ಕಂದಾಗುತ್ತಾ ಹೋಗಬಹುದು. ಈ ಕಾರಣದಿಂದ ಪಿಸಿಜಿಎಸ್ ತಾಮ್ರದ ನಾಣ್ಯಗಳ ಬಣ್ಣದ ಬದಲಾವಣೆಯನ್ನು ತನ್ನ ಖಾತರಿಯಿಂದ ಹೊರಗಿಟ್ಟಿದೆ. ಚೀಟಿಯನ್ನಲ್ಲ, ನಾಣ್ಯವನ್ನು ನೋಡಿ ಕೊಳ್ಳಬೇಕೆಂಬ ವ್ಯಾಪಾರಿಗಳ ಮಾತು ತಾಮ್ರಕ್ಕೆ ಅನ್ವಯಿಸುವಷ್ಟು ಬೇರೆಲ್ಲಿಯೂ ಅನ್ವಯಿಸದು.

ಸಹಜ ಮತ್ತು ಕೃತಕ ಟೋನಿಂಗ್

ಬಣ್ಣಕ್ಕೆ ಬೆಲೆ ಬಂದೊಡನೆ ಬಣ್ಣ ಹಾಕುವವರೂ ಹುಟ್ಟಿಕೊಂಡರು. ಗಂಧಕದ ಪುಡಿ, ಪೊಟ್ಯಾಸಿಯಂ ಸಲ್ಫೈಡುಗಳ ದ್ರಾವಣ, ಶಾಖ, ಗಂಧಕವುಳ್ಳ ಕಾಗದ, ಬೇಯಿಸಿದ ಮೊಟ್ಟೆ ಇವೆಲ್ಲವೂ ಕೆಲವೇ ನಿಮಿಷಗಳಿಂದ ಕೆಲವು ವಾರಗಳೊಳಗೆ ಬೆಳ್ಳಿಗೆ ಬಣ್ಣ ತರಬಲ್ಲವು. ಇಲ್ಲಿರುವ ಮೂಲಭೂತ ತೊಡಕು ಎಂದರೆ, ಎರಡೂ ಸಂದರ್ಭಗಳಲ್ಲಿ ಉಂಟಾಗುವ ವಸ್ತು ಅದೇ ಬೆಳ್ಳಿ ಸಲ್ಫೈಡ್. ವ್ಯತ್ಯಾಸವಿರುವುದು ವೇಗದಲ್ಲಿ ಮತ್ತು ಉದ್ದೇಶದಲ್ಲಿ. ಉದ್ದೇಶವನ್ನು ಯಾವ ಭೂತಗನ್ನಡಿಯೂ ತೋರಿಸಲಾರದು. ಬಿಸಿಲು ಬೀಳುವ ಕಿಟಕಿಯ ಬಳಿ ಹಳೆಯ ಆಲ್ಬಮ್ ಇಟ್ಟು ಎರಡು ವರ್ಷ ಕಾದವನು ಮಾಡಿದ್ದು ಸಹಜವೋ ಕೃತಕವೋ ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರವಿಲ್ಲ.

ಆದ್ದರಿಂದ ಶ್ರೇಣೀಕರಣ ಸಂಸ್ಥೆಗಳು ವಾಸ್ತವದಲ್ಲಿ ತೀರ್ಮಾನಿಸುವುದು ಬಣ್ಣ ಸಹಜವೇ ಎಂಬುದನ್ನಲ್ಲ. ಮಾರುಕಟ್ಟೆ ಅದನ್ನು ಸಹಜವೆಂದು ಒಪ್ಪುವುದೇ ಎಂಬುದನ್ನು. ಒಪ್ಪಲಾಗದ ನಾಣ್ಯಗಳಿಗೆ ಅಂಕ ನೀಡದೆ, ನೈಜ ನಾಣ್ಯ ಹೌದು, ಆದರೆ ಬಣ್ಣ ಸಂಶಯಾಸ್ಪದ ಎಂಬ ಷರಾ ಬರೆಯಲಾಗುತ್ತದೆ. ಪಿಸಿಜಿಎಸ್ ಇದಕ್ಕೆ 91 ಎಂಬ ಸಂಕೇತಸಂಖ್ಯೆಯನ್ನು ಬಳಸುತ್ತದೆ. ಇಂಥ ಷರಾ ಬಿದ್ದ ನಾಣ್ಯದ ಬೆಲೆ ಗಣನೀಯವಾಗಿ ಕುಸಿಯುತ್ತದೆ. ಅದೇ ನಾಣ್ಯವನ್ನು ಇನ್ನೊಮ್ಮೆ ಕಳುಹಿಸಿದಾಗ ಅಂಕ ದೊರೆತ ಪ್ರಸಂಗಗಳೂ ಇರುವುದರಿಂದ, ಈ ತೀರ್ಪುಗಳನ್ನು ಪರಿಣತರ ಅಭಿಪ್ರಾಯವೆಂದು ತಿಳಿಯಬೇಕೇ ಹೊರತು ಪ್ರಯೋಗಾಲಯದ ಫಲಿತಾಂಶವೆಂದಲ್ಲ.

ಹಾಗಿದ್ದರೂ ಪರೀಕ್ಷಕರು ಗಮನಿಸುವ ಕೆಲವು ಲಕ್ಷಣಗಳು ಸಾಕಷ್ಟು ವಿಶ್ವಾಸಾರ್ಹವಾಗಿವೆ. ಸಹಜ ಟೋನಿಂಗಿನಲ್ಲಿ ಬಣ್ಣಗಳು ಹಳದಿ, ಕೆನ್ನೇರಳೆ, ನೀಲಿ ಎಂಬ ಕ್ರಮದಲ್ಲಿ ಒಂದರೊಳಗೊಂದು ಕರಗುತ್ತವೆ. ಬಿಳಿಯ ಭಾಗದ ಪಕ್ಕದಲ್ಲಿಯೇ ನಡುವಿನ ಹಂತಗಳಿಲ್ಲದೆ ಕಡುನೀಲಿ ಕಂಡರೆ ಸಂಶಯ ಮೂಡುತ್ತದೆ. ನಿಧಾನವಾಗಿ ಮೂಡಿದ ಬಣ್ಣವು ಅಕ್ಷರಗಳು ಮತ್ತು ನಕ್ಷತ್ರಗಳಂಥ ಉಬ್ಬುಗಳ ಸುತ್ತ ಸ್ವಲ್ಪ ಹಿಂದೆ ಸರಿದು, ಅವುಗಳ ಬುಡದಲ್ಲಿ ತೆಳುವಾದ ಬಿಳಿಯ ಅಂಚನ್ನು ಬಿಡುವುದುಂಟು. ಅವಸರದ ಬಣ್ಣ ಉಬ್ಬು ತಗ್ಗುಗಳನ್ನು ಲೆಕ್ಕಿಸದೆ ಮೇಲೆ ತೇಲುವಂತೆ ಹರಡಿಕೊಳ್ಳುತ್ತದೆ. ಸವೆದ ನಾಣ್ಯದ ಮೇಲೆ ಕಾಮನಬಿಲ್ಲಿನ ಪ್ರಖರ ಬಣ್ಣಗಳಿದ್ದರೆ, ಗೀರುಗಳ ಒಳಗೂ ಹೊರಗೂ ಒಂದೇ ಬಣ್ಣವಿದ್ದರೆ, ಆ ಬಗೆಯ ನಾಣ್ಯ ಎಂದೂ ಪಡೆಯದ ಬಣ್ಣ ಅದರ ಮೇಲೆ ಕಂಡರೆ ಎಚ್ಚರ ಅಗತ್ಯ. ಕೊನೆಯ ಲಕ್ಷಣವನ್ನು ಗುರುತಿಸಲು ಪುಸ್ತಕಜ್ಞಾನ ಸಾಲದು. ನೂರಾರು ನಾಣ್ಯಗಳನ್ನು ಕೈಯಲ್ಲಿ ಹಿಡಿದು ನೋಡಿರಬೇಕು.

ಬೆಲೆಯ ಮೇಲಿನ ಪರಿಣಾಮ

ಪ್ರಕಟಿತ ಬೆಲೆಪಟ್ಟಿಗಳಲ್ಲಿ ವರ್ಷ, ಟಂಕಸಾಲೆ ಮತ್ತು ಅಂಕಕ್ಕೆ ತಕ್ಕ ಬೆಲೆ ಇರುತ್ತದೆ. ಬೆಳ್ಳಿಯ ಬಣ್ಣಕ್ಕೆ ಅಂಕಣವಿರುವುದಿಲ್ಲ. ಟೋನ್ ಆದ ಪ್ರತಿ ನಾಣ್ಯವೂ ಒಂದೇ ಒಂದು ಪ್ರತಿಯಾಗಿರುವುದರಿಂದ ಅದರ ಬೆಲೆ ಹರಾಜಿನ ದಿನ ಕೈಯೆತ್ತುವ ಇಬ್ಬರ ಹಟವನ್ನು ಅವಲಂಬಿಸಿರುತ್ತದೆ. ಕೊಂಡವನು ಮರುಮಾರಾಟಕ್ಕೆ ಇಟ್ಟಾಗ ಆ ಇಬ್ಬರಲ್ಲಿ ಒಬ್ಬನು ಅವನೇ ಆಗಿರುತ್ತಾನೆ ಎಂಬುದು ಈ ವ್ಯಾಪಾರದ ಕಟುಸತ್ಯ. ಹೀಗಾಗಿ ಬಣ್ಣಕ್ಕೆ ಕೊಟ್ಟ ಹೆಚ್ಚುವರಿ ಹಣ, ಅಂಕಕ್ಕೆ ಕೊಟ್ಟ ಹಣಕ್ಕಿಂತ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡಿರುತ್ತದೆ.

ಅಂತರಜಾಲದ ಮಾರಾಟ ಈ ಅಪಾಯವನ್ನು ಹೆಚ್ಚಿಸಿದೆ. ವ್ಯತಿಕರಣದ ಬಣ್ಣಗಳು ಬೆಳಕಿನ ಕೋನಕ್ಕೆ ತಕ್ಕಂತೆ ಬದಲಾಗುತ್ತವೆ. ಒಂದೇ ಕೋನದಲ್ಲಿ ಪ್ರಖರವಾಗಿ ಕಾಣುವ ನಾಣ್ಯವನ್ನು ಆ ಕೋನದಲ್ಲಿಯೇ ಚಿತ್ರಿಸಿ, ಬಣ್ಣವನ್ನು ತುಸು ಏರಿಸಿ ತೋರಿಸಿದರೆ, ಖರೀದಿದಾರನ ಕೈ ಸೇರುವಾಗ ಅದು ಬೂದು ಬಿಲ್ಲೆಯಾಗಿರಬಹುದು.

ಸಂಗ್ರಹದ ಇತಿಹಾಸ ಗೊತ್ತಿದ್ದಾಗ ಬಣ್ಣಕ್ಕೆ ಸಾಕ್ಷಿ ದೊರೆತಂತಾಗುತ್ತದೆ. ಎರಿಕ್ ಪಿ. ನ್ಯೂಮನ್ (1911–2017) ಎಂಬ ಅಮೆರಿಕದ ವಿದ್ವಾಂಸ ಸಂಗ್ರಾಹಕನ ನಾಣ್ಯಗಳಲ್ಲಿ ಅನೇಕವು ದಶಕಗಳ ಕಾಲ ಕಾಗದದ ಪುಟ್ಟ ಲಕೋಟೆಗಳಲ್ಲಿ ಯಾರೂ ಮುಟ್ಟದೆ ಉಳಿದಿದ್ದವು. ಹೆರಿಟೇಜ್ ಸಂಸ್ಥೆ 2013ರಲ್ಲಿ ಅವನ್ನು ಹರಾಜಿಗೆ ತಂದಾಗ, ಅವುಗಳ ಬಣ್ಣದ ಸಹಜತೆಯನ್ನು ಪ್ರಶ್ನಿಸುವ ಪ್ರಮೇಯವೇ ಬರಲಿಲ್ಲ. ಕೇವಲ 6,146ರಷ್ಟು ಅಚ್ಚಾದ 1796ರ ಕಾಲು ಡಾಲರ್ ನಾಣ್ಯದ ಒಂದು ಪ್ರತಿ, ಎನ್‌ಜಿಸಿಯಿಂದ 67ರ ಅಂಕ, ಕೂಡಿಕೆಯ ಚಿಹ್ನೆ ಮತ್ತು ನಕ್ಷತ್ರ ಮೂರನ್ನೂ ಪಡೆದು, ಆ ವರ್ಷದ ನವೆಂಬರಿನಲ್ಲಿ 15,27,500 ಡಾಲರಿಗೆ ಮಾರಾಟವಾಯಿತು. ಅಲ್ಲಿ ಮುಖ್ಯವಾದುದು ವಿರಳತೆ ಮತ್ತು ಸುಸ್ಥಿತಿ ಎಂಬುದು ನಿಜ; ಆದರೆ ಅದೇ ನಾಣ್ಯವನ್ನು ಯಾರಾದರೂ ನಡುವೆ ತೊಳೆದು ಬಿಳಿ ಮಾಡಿದ್ದರೆ ಅದು ಅಷ್ಟು ಎತ್ತರವನ್ನು ಮುಟ್ಟುತ್ತಿರಲಿಲ್ಲ.

ಅಭಿರುಚಿಯ ಏರಿಳಿತವೂ ಗಮನಾರ್ಹ. ಹಿಂದೊಮ್ಮೆ ಅಮೆರಿಕದ ಮಾರುಕಟ್ಟೆಯಲ್ಲಿ ಬಿಳಿಯಾಗಿ ಥಳಥಳಿಸುವ ನಾಣ್ಯಗಳಿಗೇ ಬೇಡಿಕೆಯಿತ್ತು. ಆಗ ಟೋನ್ ಆದ ಅಸಂಖ್ಯ ನಾಣ್ಯಗಳನ್ನು ದ್ರಾವಣಗಳಲ್ಲಿ ಅದ್ದಿ ಬಿಳುಪುಗೊಳಿಸಲಾಯಿತು. ಈಗ ಮೂಲ ಮೇಲ್ಮೈಯ ನಾಣ್ಯಗಳು ಕಡಿಮೆಯಾಗಿರುವುದಕ್ಕೆ ಅದೂ ಒಂದು ಕಾರಣ.

ಅದ್ದುವಿಕೆ ಮತ್ತು ಶುಚಿಗೊಳಿಸುವಿಕೆ

ಬೆಳ್ಳಿಯ ನಾಣ್ಯಗಳನ್ನು ಬಿಳುಪುಗೊಳಿಸಲು ಮಾರಾಟವಾಗುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಥಯೋಯೂರಿಯಾ ಮತ್ತು ಆಮ್ಲ ಇರುತ್ತವೆ. ಇವು ಸಲ್ಫೈಡ್ ಪದರವನ್ನು ಕರಗಿಸುತ್ತವೆ. ಆ ಪದರದಲ್ಲಿರುವ ಬೆಳ್ಳಿ ನಾಣ್ಯದ್ದೇ ಆಗಿರುವುದರಿಂದ, ಪ್ರತಿ ಬಾರಿ ಅದ್ದಿದಾಗಲೂ ನಾಣ್ಯದ ಮೇಲ್ಮೈಯ ಒಂದು ತೆಳುಭಾಗ ಶಾಶ್ವತವಾಗಿ ಹೋಗುತ್ತದೆ. ಕಾಂತಿ ನೀಡುವ ಸೂಕ್ಷ್ಮಗೆರೆಗಳು ಮೊದಲು ಸವೆಯುವುದು ಇಲ್ಲಿಯೇ. ಒಮ್ಮೆ ಎಚ್ಚರದಿಂದ ಅದ್ದಿ, ಚೆನ್ನಾಗಿ ತೊಳೆದ ನಾಣ್ಯ ಅಂಕ ಪಡೆಯಬಹುದು; ಪದೇಪದೇ ಅದ್ದಿದ ನಾಣ್ಯ ಬಿಳಿಯಾಗಿದ್ದರೂ ಸುಣ್ಣದಂತೆ ನಿಸ್ತೇಜವಾಗಿರುತ್ತದೆ. ದಪ್ಪ ಕಪ್ಪು ಪದರವಿರುವ ನಾಣ್ಯವನ್ನು ಅದ್ದಿದರೆ ಕೆಳಗಿನಿಂದ ಹೊಸ ನಾಣ್ಯ ಹೊರಬರುತ್ತದೆ ಎಂಬ ನಿರೀಕ್ಷೆ ಸಾಮಾನ್ಯವಾಗಿ ಹುಸಿಯಾಗುತ್ತದೆ, ಏಕೆಂದರೆ ಕಾಂತಿಯ ಪದರವೇ ಆಗಲೇ ಸಲ್ಫೈಡ್ ಆಗಿ ಬದಲಾಗಿರುತ್ತದೆ.

ಉಜ್ಜುವಿಕೆ ಇದಕ್ಕಿಂತಲೂ ಹಾನಿಕರ. ಯಾವುದೇ ಪುಡಿ ಅಥವಾ ಬಟ್ಟೆಯಿಂದ ಉಜ್ಜಿದಾಗ ಉಂಟಾಗುವ ಸಮಾನಾಂತರ ಗೀರುಗಳು ಎಂದಿಗೂ ಮಾಯವಾಗುವುದಿಲ್ಲ, ಮತ್ತು ಅಂಥ ನಾಣ್ಯಕ್ಕೆ ಶುಚಿಗೊಳಿಸಲಾದುದು ಎಂಬ ಷರಾ ನಿಶ್ಚಿತ.

ಭಾರತೀಯ ನಾಣ್ಯಗಳಲ್ಲಿ

ಬ್ರಿಟಿಷ್ ಭಾರತದ ಬೆಳ್ಳಿ ರೂಪಾಯಿ 1835ರಿಂದ 1940ರವರೆಗೆ 11.66 ಗ್ರಾಂ ತೂಗುತ್ತಿದ್ದು, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿರುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ ಶೇ. 40 ತಾಮ್ರ, ಶೇ. 5 ನಿಕ್ಕಲ್ ಮತ್ತು ಶೇ. 5 ಸತುವನ್ನು ಬೆರೆಸಲಾಯಿತು. ಹಳೆಯ ರೂಪಾಯಿಗಳು ಅಮೆರಿಕದ ಬೆಳ್ಳಿ ನಾಣ್ಯಗಳಂತೆಯೇ ಹೊಂಬಣ್ಣ ಮತ್ತು ನೀಲಿಗೆ ತಿರುಗಬಲ್ಲವಾದರೆ, ಅರ್ಧಬೆಳ್ಳಿಯ ರೂಪಾಯಿಗಳಲ್ಲಿ ತಾಮ್ರದ ಪಾಲು ದೊಡ್ಡದಾದ್ದರಿಂದ ಮಂಕಾದ ಕಂದು ಮತ್ತು ಬೂದು ಛಾಯೆಗಳೇ ಹೆಚ್ಚು. 1969ರಲ್ಲಿ ಗಾಂಧೀ ಜನ್ಮಶತಮಾನೋತ್ಸವಕ್ಕೆಂದು ಹೊರಬಂದ, ಶೇ. 80 ಬೆಳ್ಳಿಯ 15 ಗ್ರಾಂ ತೂಕದ ಹತ್ತು ರೂಪಾಯಿಯ ನಾಣ್ಯದಲ್ಲಿಯೂ ಆಕರ್ಷಕ ಟೋನಿಂಗ್ ಕಾಣಸಿಗುತ್ತದೆ.

ಸಹಜವಾಗಿ ಟೋನ್ ಆದ ಭಾರತೀಯ ರೂಪಾಯಿ ದೊರೆಯುವುದು ಕಷ್ಟ. ಇವು ಖಜಾನೆಯ ಚೀಲಗಳಲ್ಲಿ ಉಳಿದ ನಾಣ್ಯಗಳಲ್ಲ. ಕೈಯಿಂದ ಕೈಗೆ ಓಡಾಡಿ, ಬಳಿಕ ಮನೆಯ ಪೆಟ್ಟಿಗೆ ಸೇರಿದವು. ಕರ್ನಾಟಕವೂ ಸೇರಿದಂತೆ ದೇಶದ ಅನೇಕ ಕಡೆ ವಿಕ್ಟೋರಿಯಾ ರಾಣಿಯ ಅಥವಾ ಜಾರ್ಜ್ ದೊರೆಗಳ ಮುಖವಿರುವ ರೂಪಾಯಿಗಳನ್ನು ಲಕ್ಷ್ಮೀಪೂಜೆಗೆ ಇಡುವ ಪದ್ಧತಿಯಿದೆ. ಪೂಜೆಗೆ ಮುನ್ನ ಅವನ್ನು ಹುಣಸೆಹುಳಿ, ವಿಭೂತಿ, ನಿಂಬೆರಸ, ಇತ್ತೀಚೆಗೆ ಹಲ್ಲುಜ್ಜುವ ಪೇಸ್ಟಿನಿಂದ ಉಜ್ಜಿ ಬೆಳಗಿಸುತ್ತಾರೆ. ಹುಣಸೆ ಮತ್ತು ನಿಂಬೆಯ ಆಮ್ಲ ಪದರವನ್ನು ಸಡಿಲಿಸುತ್ತದೆ, ಬೂದಿಯ ಕಣಗಳು ಲೋಹವನ್ನು ಕೆರೆಯುತ್ತವೆ. ಪೂಜಾವಸ್ತುವಾಗಿ ಅವು ಬೆಳಗುವುದೇ ಸರಿ. ಆದರೆ ಅಪರೂಪದ ವರ್ಷವೊಂದರ ರೂಪಾಯಿ ಆ ಗುಂಪಿನಲ್ಲಿದ್ದರೆ, ತಲೆಮಾರುಗಳ ಆ ಶುಚಿತ್ವವೇ ಅದರ ಸಂಗ್ರಹಮೌಲ್ಯವನ್ನು ಲೋಹದ ಬೆಲೆಯ ಸಮೀಪಕ್ಕೆ ತಂದಿರುತ್ತದೆ. ಕಾಸಿನ ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯಗಳ ಕಥೆಯೂ ಇದೇ: ಕೊಂಡಿಯನ್ನು ತೆಗೆದು ಅಂಚನ್ನು ನಯಗೊಳಿಸಿದರೂ ಬೆಸುಗೆಯ ಜಾಗದಲ್ಲಿ ಬಣ್ಣ ಬೇರೆಯಾಗಿ ಮೂಡಿ ಗುಟ್ಟನ್ನು ಬಿಟ್ಟುಕೊಡುತ್ತದೆ.

ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಅಚ್ಚಾದ ಟಿಪ್ಪು ಸುಲ್ತಾನನ ಆನೆಯ ಚಿತ್ರವಿರುವ ತಾಮ್ರದ ನಾಣ್ಯಗಳಲ್ಲಿ ಮೂಲ ಕೆಂಪನ್ನು ನಿರೀಕ್ಷಿಸುವಂತಿಲ್ಲ. ಅಲ್ಲಿ ಸಮನಾದ ಚಾಕೊಲೇಟ್ ಕಂದು ಅಥವಾ ಗಟ್ಟಿಯಾದ ಹಸಿರು ಪದರ ಮೆಚ್ಚುಗೆ ಪಡೆಯುತ್ತದೆ. ಮುಟ್ಟಿದರೆ ಉದುರುವ ತಿಳಿಹಸಿರು ಪುಡಿ ಮಾತ್ರ ಬೇರೆಯದೇ ವಿಷಯ. ಅದು ಕ್ಲೋರೈಡ್‌ಗಳು ತೇವಾಂಶದೊಡನೆ ಸೇರಿ ಲೋಹವನ್ನು ಒಳಗಿನಿಂದ ತಿನ್ನುವ, ಕಂಚಿನ ರೋಗವೆಂದು ಕರೆಯಲಾಗುವ ಸವೆತದ ಲಕ್ಷಣ. ಅಂಥ ನಾಣ್ಯವನ್ನು ಇತರ ನಾಣ್ಯಗಳಿಂದ ಬೇರ್ಪಡಿಸಿ ಒಣ ವಾತಾವರಣದಲ್ಲಿ ಇಡಬೇಕಾಗುತ್ತದೆ.

ಸಂರಕ್ಷಣೆ

ಟೋನಿಂಗನ್ನು ನಿಲ್ಲಿಸಲು ಸಾಧ್ಯವಿಲ್ಲದಿದ್ದರೂ ನಿಧಾನಗೊಳಿಸಬಹುದು. ತೇವಾಂಶ ಕಡಿಮೆಯಿರುವ, ಉಷ್ಣತೆ ಹೆಚ್ಚು ಏರಿಳಿಯದ ಸ್ಥಳ ಇದಕ್ಕೆ ಸೂಕ್ತ. ಮಳೆಗಾಲದ ಕರಾವಳಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕಾಲಕಾಲಕ್ಕೆ ಬದಲಿಸುವುದು ಅನಿವಾರ್ಯ. ಮೃದುವಾದ ಪಿವಿಸಿ ಪ್ಲಾಸ್ಟಿಕ್ಕಿನ ಹಾಳೆಗಳು ಕಾಲಕ್ರಮೇಣ ಹಸಿರು ಅಂಟನ್ನು ಬಿಟ್ಟು ನಾಣ್ಯವನ್ನು ಕೆಡಿಸುತ್ತವೆ. ಪಾಲಿಯೆಸ್ಟರ್ ಹಾಳೆಗಳಲ್ಲಿ ಈ ದೋಷವಿಲ್ಲ. ಪಿವಿಸಿಯ ಅಂಟನ್ನು ಶುದ್ಧ ಅಸಿಟೋನಿನಲ್ಲಿ ಉಜ್ಜದೆ ನೆನೆಸಿ ತೆಗೆಯಬಹುದು. ಅಸಿಟೋನ್ ಬೆಳ್ಳಿಯ ಸಲ್ಫೈಡ್ ಪದರವನ್ನು ಕರಗಿಸುವುದಿಲ್ಲವಾದ್ದರಿಂದ ಸಹಜ ಬಣ್ಣ ಹಾಗೆಯೇ ಉಳಿಯುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆಯ ಬಟ್ಟೆ ಮತ್ತು ಸಾಧಾರಣ ರಟ್ಟಿನ ಪೆಟ್ಟಿಗೆಗಳಲ್ಲಿ ಗಂಧಕವಿರುವುದರಿಂದ ಅವನ್ನು ಬೆಳ್ಳಿಯ ಸಮೀಪ ಇಡುವುದಿಲ್ಲ. ನಾಣ್ಯವನ್ನು ಅಂಚುಗಳಲ್ಲಿ ಮಾತ್ರ ಹಿಡಿಯಬೇಕು. ಬೆರಳಿನ ಬೆವರು ಮತ್ತು ಎಣ್ಣೆಯಂಶದಿಂದ ಬಿದ್ದ ಗುರುತು ಆ ದಿನ ಕಾಣದಿದ್ದರೂ, ವರ್ಷಗಳ ನಂತರ ಬೆರಳಚ್ಚಿನ ಪ್ರತಿ ಗೆರೆಯೂ ಬಣ್ಣದಲ್ಲಿ ಎದ್ದು ನಿಲ್ಲುತ್ತದೆ.